ನಿಮಗಿದು ಗೊತ್ತೆ? ಹುಟ್ಟುವ ಮೊದಲೇ ಅಮ್ಮನ ದನಿಯ ಪರಿಚಯ

ಹುಟ್ಟಿ ಮೂರು ದಿನ ತುಂಬದ ಕೂಸೂ ತಾಯಿಯ ದನಿಯನ್ನು ಗುರುತಿಸಬಲ್ಲದು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಮನಶ್ಶಾಸ್ತ್ರಜ್ಞರಾದ ಆಂಥೊನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ 1980ರಲ್ಲಿ ಇದನ್ನು ತೋರಿಸಿಕೊಟ್ಟರು. ಕೂಸಿನ ಬಾಯಿಗೆ ಹಾಲಿಲ್ಲದ ರಬ್ಬರ್ ನಿಪ್ಪಲ್, ಕಿವಿಗೆ ಹೆಡ್‌ಫೋನ್. ಎಳೆಮಕ್ಕಳು ಒಂದಷ್ಟು ಸಲ ಚೀಪಿ, ತುಸು ನಿಲ್ಲಿಸಿ, ಮತ್ತೆ ಚೀಪುತ್ತವೆ. ನಡುವಿನ ಆ ಬಿಡುವು ಉದ್ದವಾದರೆ ಒಂದು ದನಿ, ಗಿಡ್ಡವಾದರೆ ಇನ್ನೊಂದು ದನಿ ಕೇಳುವಂತೆ ಏರ್ಪಾಡು ಮಾಡಿದ್ದರು. ಹೆಚ್ಚಿನ ಕೂಸುಗಳು ಚೀಪುವ ಲಯವನ್ನೇ ಬದಲಿಸಿಕೊಂಡು ಅಮ್ಮನ ದನಿಯನ್ನು ಆರಿಸಿಕೊಂಡವು!

1986ರ ಪ್ರಯೋಗ ಇನ್ನೂ ಸೊಗಸಾದದ್ದು. ಗರ್ಭಿಣಿಯರು ಕೊನೆಯ ಆರು ವಾರ ಒಂದೇ ಕಥಾಭಾಗವನ್ನು ದಿನಕ್ಕೆರಡು ಸಲ ಗಟ್ಟಿಯಾಗಿ ಓದಿದರು. ಹುಟ್ಟಿದ ಮೇಲೆ ಮಕ್ಕಳು ಕೇಳಬಯಸಿದ್ದು ಅದನ್ನೇ, ಬೇರೆ ಹೆಂಗಸು ಓದಿದಾಗಲೂ. ಅರ್ಥವೇನೂ ತಿಳಿಯದ ಶಿಶು ಮಾತಿನ ಏರಿಳಿತವನ್ನು ಹಾಗೆಯೇ ಹಿಡಿದಿಟ್ಟುಕೊಂಡಿತ್ತು.

ಅಪ್ಪನ ದನಿ? 1984ರಲ್ಲಿ ಅದನ್ನೂ ಪರೀಕ್ಷಿಸಿದರು. ಬೇರೆ ಗಂಡಸರ ದನಿಗಿಂತ ಹೆಚ್ಚಿನ ಒಲವೇನೂ ಕಾಣಲಿಲ್ಲ. ಹೊರಗಿನ ಮಾತು ಗರ್ಭಕ್ಕೆ ಮಂಕಾಗಿ ತಲುಪುತ್ತದೆ. ತಾಯಿಯದು ಅವಳ ಮೈಯೊಳಗಿಂದಲೇ ಹಾದು ಸ್ಪಷ್ಟವಾಗಿ ಕೇಳಿಸುತ್ತದೆ. ಅಪ್ಪನ ದನಿಯ ಗುರುತು ಹತ್ತುವುದು ಹುಟ್ಟಿದ ಮೇಲೆ, ಎತ್ತಿ ಆಡಿಸಿ ಮಾತನಾಡಿಸಿದಂತೆಲ್ಲ.