ಉಳಿದವರ ಋಣ

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ಮಳೆ ತಪ್ಪಿದರೆ ಬರದ ಭಯ. ಮಿತಿಮೀರಿದರೆ ಕೆರೆಯ ಏರಿ ಒಡೆದೀತೆಂಬ ಭಯ. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು, 1876–78ರ ಕ್ಷಾಮದ ತರುವಾಯ, 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಳಿದವರ ಲೆಕ್ಕವನ್ನು ಗಣತಿ ಹೇಳೀತು. ಉಳಿದವರ ಮನಸ್ಸನ್ನು ಹೇಳಲಾರದು. ಅದನ್ನರಿಯಲು ಈ ಸೀಮೆಯವರು ಬಹುಕಾಲದಿಂದ ಹೇಳಿಕೊಂಡು ಬಂದ ಕಥೆಗಳಿಗೆ ನಾವು ಕಿವಿಗೊಡಬೇಕು.

ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯ ಐತಿಹ್ಯವು ಅಂತಹುದೊಂದು. ಏರಿಯನ್ನು ಒಡೆಯಲು ಹೊರಟ ಜಲದೇವತೆಯನ್ನು ನೀರುಗಂಟಿಯು, ‘ದೊರೆಗೆ ಅರಿಕೆಮಾಡಿ ಬರುವವರೆಗೆ ತಾಳು, ತಾಯಿ’ ಎಂದು ಬೇಡಿಕೊಂಡನಂತೆ, ಆಕೆ ಒಪ್ಪಿದಳಂತೆ. ಸುದ್ದಿಯನ್ನು ಕೇಳಿದ ದೊರೆಯು, ಇವನು ಹಿಂದಿರುಗದಿದ್ದರೆ ಕೆರೆ ಎಂದಿಗೂ ಒಡೆಯದೆಂದು ಬಗೆದು, ಅವನನ್ನೇ ಕೊಲ್ಲಿಸಿದನಂತೆ.

ಇದನ್ನು ಮೂಢನಂಬಿಕೆಯೆಂದು ತಳ್ಳಿಬಿಡುವುದು ಸುಲಭ. ಆದರೆ ಗಮನಿಸೋಣ: ದೇವತೆ ಕೊಟ್ಟ ಮಾತಿಗೆ ಕಟ್ಟುಬಿದ್ದಳು, ಅನ್ಯಾಯ ನಡೆದುದು ಮನುಷ್ಯನಿಂದ. ತಮ್ಮ ಗದ್ದೆಗಳಿಗೆ ಹರಿಯುವ ನೀರಿನ ಹಿಂದೆ ಒಬ್ಬ ಸೇವಕನ ಪ್ರಾಣವಿದೆಯೆಂಬುದನ್ನು ಜನರು ಮರೆಯಲಿಲ್ಲ. ‘ನಾವೇಕೆ ಉಳಿದೆವು?’ ಎಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ ಇದೇ: ಉಳಿವೆಂಬುದು ಒಂದು ಋಣ. ಆ ಋಣವನ್ನು ಅರಿತವನು ಏರಿಯ ಬಿರುಕನ್ನು ಕಂಡು ಸುಮ್ಮನೆ ಮನೆಗೆ ಹೋಗಲಾರನು.