ಗುರುಗಳ ಕಲಿಕೆಗೂ ಶಾಸ್ತ್ರದಾನ

ನಾಲ್ಕು ದಾನಗಳಲ್ಲಿ ಶಾಸ್ತ್ರದಾನವೂ ಒಂದೆಂದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ನಮ್ಮ ವ್ಯಾಪಾರಸ್ಥ ಬಾಂಧವರು ಶಾಲೆಗೆ ಕೋಣೆ ಕಟ್ಟಿಸಿ, ಬೋರ್ಡಿಂಗಿಗೆ ನೆರವಾಗಿ ಆ ದಾನ ಮಾಡುತ್ತ ಬಂದಿದ್ದಾರೆ. ಗೋಡೆಯ ಮೇಲೆ ದಾನಿಗಳ ಹೆಸರೂ ಇರುತ್ತದೆ. ಆದರೆ ಆ ಕೋಣೆಯಲ್ಲಿ ಕಲಿಸುವ ಗುರುಗಳು ನೌಕರಿಗೆ ಸೇರಿದ ಮೇಲೆ ಹೊಸದಾಗಿ ಏನು ಕಲಿತರೆಂದು ಕೇಳುವವರು ಕಡಿಮೆ.

ಕುಂಭೋಜದ ಜೈನ ಮನೆತನದಲ್ಲಿ 1887ರಲ್ಲಿ ಜನಿಸಿದ ಕರ್ಮವೀರ ಭಾವೂರಾವ ಪಾಟೀಲರು ಇದನ್ನು ಅರಿತಿದ್ದರು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದ ಅವರು, 1935ರಲ್ಲಿ ಸಾತಾರೆಯಲ್ಲಿ ಪ್ರಾಥಮಿಕ ಶಿಕ್ಷಕರ ತರಬೇತಿ ಕಾಲೇಜನ್ನೂ ತೆರೆದರು.

ಕೊಲ್ಹಾಪುರ ಜಿಲ್ಲೆಯವರೇ ಆದ ಜೆ. ಪಿ. ನಾಯಕರು 1964–66ರ ಕೊಠಾರಿ ಆಯೋಗದ ಸದಸ್ಯ ಕಾರ್ಯದರ್ಶಿಯಾಗಿದ್ದರು. ನೆರೆಯ ಶಾಲೆಗಳನ್ನು ಒಂದು ಸಂಕುಲವಾಗಿ ಜೋಡಿಸಬೇಕು, ಪ್ರೌಢಶಾಲೆಗಳಿಗೆ ಕಾಲೇಜು ಮತ್ತು ವಿಶ್ವವಿದ್ಯಾಲಯಗಳು ನೆರವಾಗಬೇಕು ಎಂದು ಆ ಆಯೋಗ ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಶಾಲಾ ಸಂಕುಲದ ಮಾತೆತ್ತಿ, ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ತಾಸು ಕಲಿಯಬೇಕೆಂದಿದೆ.

ತಾಸು ತುಂಬಿಸುವುದು ಕಷ್ಟವಲ್ಲ. ಗಡಹಿಂಗ್ಲಜದ ಗುರುಗಳನ್ನು ಕೊಲ್ಹಾಪುರಕ್ಕೆ ಕರೆಸಿ, ದಿನವಿಡೀ ಭಾಷಣ ಕೇಳಿಸಿ, ಸರ್ಟಿಫಿಕೇಟು ಕೊಟ್ಟು ಕಳಿಸಿದರೂ ತಾಸು ತುಂಬುತ್ತವೆ. ಇಚಲಕರಂಜಿಗೆ ಪವರ್‌ಲೂಮ್ ಬಂದದ್ದು 1904ರಲ್ಲಿ. ಹೊಸ ತರಹದ ಮಗ್ಗ ತಂದ ಮಾಲೀಕರು ಕೆಲಸಗಾರನನ್ನು ಭಾಷಣಕ್ಕೆ ಕಳಿಸುತ್ತಾರೆಯೇ? ಮಗ್ಗದ ಮುಂದೆಯೇ ನಿಲ್ಲಿಸಿ ಕಲಿಸುತ್ತಾರೆ. ಗುರುಗಳ ಮಗ್ಗ ಅವರ ವರ್ಗಕೋಣೆ.

1962ರಲ್ಲಿ ಸ್ಥಾಪನೆಯಾದ ಶಿವಾಜಿ ವಿಶ್ವವಿದ್ಯಾಲಯದ ಸಂಲಗ್ನ ಕಾಲೇಜುಗಳು ಈ ಎರಡೂ ಊರುಗಳಲ್ಲಿವೆ. ಅಲ್ಲಿಯ ಗಣಿತದ ಪ್ರಾಧ್ಯಾಪಕರು ತಿಂಗಳಿಗೊಮ್ಮೆ ಸಮೀಪದ ಶಾಲೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಲಿ. ಭಿನ್ನರಾಶಿಯ ಪಾಠದಲ್ಲಿ ಮಗು ಎಲ್ಲಿ ತಪ್ಪುತ್ತದೆಂದು ನೋಡಿ, ಶಾಲೆ ಬಿಟ್ಟ ಮೇಲೆ ಗುರುಗಳೊಡನೆ ಚರ್ಚಿಸಲಿ, ಮುಂದಿನ ತಿಂಗಳು ಅದೇ ಪಾಠದ ಫಲವೇನೆಂದು ನೋಡಲಿ. ತಪಾಸಣೆಗೆ ಬಂದ ಸಾಹೇಬರಂತೆ ಮಾತ್ರ ಹೋಗಬಾರದು!

ಕಲಿಯುವುದು ಪ್ರಾಧ್ಯಾಪಕರಿಗೂ ಇದೆ. ನಮ್ಮ ಗಡಿಭಾಗದಲ್ಲಿ ಅಂಗಡಿಯಲ್ಲಿ ಕುಳಿತ ಮಗು ಮುಕ್ಕಾಲು ಕಿಲೋ ಸಕ್ಕರೆಯನ್ನು ತಪ್ಪದೆ ತೂಗುತ್ತದೆ, ಮರಾಠಿ ಶಾಲೆಯಲ್ಲಿ ‘ಪಾವುಣ’ ಎಂದೊಡನೆ ಸುಮ್ಮನಾಗುತ್ತದೆ. ಮಗುವಿಗೆ ಬಾರದಿರುವುದು ಲೆಕ್ಕವಲ್ಲ, ಶಬ್ದ. ಇದನ್ನು ಬಲ್ಲವರು ಆ ಶಾಲೆಯ ಗುರುಗಳೇ.

ಇದಕ್ಕೆ ಬೇಕಾದದ್ದು ಬಸ್ ಖರ್ಚು, ಒಂದಿಷ್ಟು ಪುಸ್ತಕ, ಆ ದಿನ ಗುರುಗಳಿಗೆ ಎರಡು ತಾಸು ಬಿಡುವು. ಶಾಲಾ ಕಮಿಟಿಗಳಲ್ಲಿರುವ ನಮ್ಮ ಬಾಂಧವರು ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಮುನ್ನವೇ ಸಮೀಪದ ಕಾಲೇಜಿನ ಪ್ರಾಚಾರ್ಯರನ್ನು ಕಂಡು ಮಾತನಾಡಬಹುದು.