ಅಮೆರಿಕದ ಪ್ರಥಮ ಮಹಿಳೆ: ಬದಲಾಗುತ್ತ ಬಂದ ಪಾತ್ರ

ಅಮೆರಿಕದ ಅಧ್ಯಕ್ಷರ ಪತ್ನಿಗೆ ಸಂವಿಧಾನದಲ್ಲಿ ಹುದ್ದೆಯೂ ಇಲ್ಲ, ಸಂಬಳವೂ ಇಲ್ಲ. ಬಹುಕಾಲ ಅವರ ಪಾಲಿಗಿದ್ದದ್ದು ಮುಖ್ಯವಾಗಿ ಶ್ವೇತಭವನದ ಅತಿಥಿ ಸತ್ಕಾರ. 1919ರಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಪಾರ್ಶ್ವವಾಯುವಿಗೆ ತುತ್ತಾದಾಗ, ಯಾವ ಕಡತ ಅವರ ಹಾಸಿಗೆಯವರೆಗೆ ಹೋಗಬೇಕೆಂದು ಪತ್ನಿ ಈಡಿತ್ ತೀರ್ಮಾನಿಸುತ್ತಿದ್ದರು. ಆದರೆ ಜನರಿಗೆ ಅದು ಗೊತ್ತಿರಲಿಲ್ಲ.

ಈ ಪಾತ್ರವನ್ನು ನಿಜಕ್ಕೂ ಸಾರ್ವಜನಿಕಗೊಳಿಸಿದವರು ಎಲಿನಾರ್ ರೂಸ್‌ವೆಲ್ಟ್. 1933ರ ಮಾರ್ಚ್‌ನಲ್ಲಿ, ಪತಿ ಅಧಿಕಾರ ವಹಿಸಿಕೊಂಡ ಎರಡೇ ದಿನಕ್ಕೆ ಅವರು ಪತ್ರಿಕಾಗೋಷ್ಠಿ ಕರೆದರು. ಪ್ರವೇಶ ವರದಿಗಾರ್ತಿಯರಿಗೆ ಮಾತ್ರ! ಸುದ್ದಿ ಬೇಕೆಂದರೆ ಪತ್ರಿಕೆಗಳು ಮಹಿಳೆಯರನ್ನು ಕೆಲಸದಲ್ಲಿ ಇಟ್ಟುಕೊಳ್ಳಲೇಬೇಕಾಯಿತು. ಮಹಾ ಆರ್ಥಿಕ ಕುಸಿತದ ಆ ದಿನಗಳಲ್ಲಿ ಇದು ಸಣ್ಣ ನೆರವೇನಲ್ಲ. 1935ರ ಕೊನೆಯಿಂದ ಅವರು ವಾರಕ್ಕೆ ಆರು ದಿನ ಅಂಕಣ ಬರೆದರು. 1939ರಲ್ಲಿ ಕಪ್ಪು ಗಾಯಕಿ ಮರಿಯನ್ ಆಂಡರ್ಸನ್ ಅವರಿಗೆ ಸಭಾಂಗಣ ನಿರಾಕರಿಸಿದ ಮಹಿಳಾ ಸಂಘಕ್ಕೆ ರಾಜೀನಾಮೆ ಕೊಟ್ಟು, ಅದನ್ನು ಅದೇ ಅಂಕಣದಲ್ಲಿ ತಿಳಿಸಿದರು. ಆ ಧೈರ್ಯವೇ ಅವರ ದೊಡ್ಡ ಕೊಡುಗೆ.

ಮುಂದೆ ರೋಸಲಿನ್ ಕಾರ್ಟರ್ ಸಂಪುಟ ಸಭೆಗಳಲ್ಲಿ ಕುಳಿತರು. ಅಧ್ಯಕ್ಷರ ಸಂಗಾತಿಗೆ ಸರ್ಕಾರಿ ಸಿಬ್ಬಂದಿ ನೆರವಾಗಲು 1978ರ ಕಾನೂನು ಅವಕಾಶ ಕೊಟ್ಟಿತು. 2021ರಲ್ಲಿ ಶ್ವೇತಭವನಕ್ಕೆ ಬಂದ ಜಿಲ್ ಬೈಡನ್ ಕಾಲೇಜಿನಲ್ಲಿ ಪಾಠ ಹೇಳುವುದನ್ನು ಬಿಡಲಿಲ್ಲ. ಹೊರಗೆ ಸಂಬಳದ ಉದ್ಯೋಗ ಮುಂದುವರಿಸಿದ ಮೊದಲ ಪ್ರಥಮ ಮಹಿಳೆ ಅವರು.